ನಡೀತೈತ್ರಿ

ಮದುಮಗಳ ಮುಖ ಮೂಗಿನವರೆಗೆ ಬಂದು ನಿಂತುಬಿಟ್ಟಿತು. ಬೈತಲೆ ಬೊಟ್ಟು, ತಿದ್ದಿದ ಹುಬ್ಬು, ಕಾಡಿಗೆಯ ಕಣ್ಣು, ಮೂಗುತಿ ಎಲ್ಲ ಇತ್ತು. ಅದರ ಕೆಳಗೆ ಬರೀ ಬೂದು ಬಣ್ಣ. ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಫ್ಯಾನು ಗೊರಗೊರ ಎನ್ನುತ್ತಿತ್ತು.

"ಇದೆಂತ ಮಾರಾಯ್ತಿ, ನಮ್ಮ ಹುಡುಗಿಯ ಬಾಯಿ ಎಲ್ಲಿ ಹೋಯಿತು?" ಎಂದು ಕುಶಲಕ್ಕ ಕೇಳಿದಳು. ಶಂಕರಪುರದ ಆ ಮನೆಯಲ್ಲಿ ಮದುಮಗಳ ಚಿಕ್ಕಮ್ಮನಾದ ಅವಳದ್ದೇ ಕಾರುಬಾರು. ಆಲ್ಬಮ್ ಪ್ರಿಂಟಿಗೆ ಹೋಗುವ ಮೊದಲು ಪುಟಗಳನ್ನು ನೋಡಲೆಂದು ಮನೆಯ ಹೆಂಗಸರೆಲ್ಲ ಸ್ಟೂಲಿನ ಮೇಲಿಟ್ಟ ಲ್ಯಾಪ್‌ಟಾಪಿನ ಸುತ್ತ ಸೇರಿದ್ದರು.

"ಮದುವಿ ಆದಮ್ಯಾಲ ಬಾಯಿ ಯಾಕ್ರೀ ಅಕ್ಕಾರ?" ಎಂದಳು ಪುಟ ತೋರಿಸುತ್ತಿದ್ದ ಸ್ಟುಡಿಯೋದ ಹುಡುಗಿ ಶಿಲ್ಪಾ. "ಅತ್ತೀ ಮನಿಯಾಗ ಅದೊಂದು ಇರಲಿಲ್ಲಂದ್ರ ಸಂಸಾರ ಭಾಳ ಚಲೋ ಆಗತೈತಿ."

ಹೆಂಗಸರು ಗೊಳ್ಳೆಂದು ನಕ್ಕರು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿಗೆ ಯಾರೋ ಅದನ್ನು ತುಳುವಿನಲ್ಲಿ ಹೇಳಿದರು, ಅಜ್ಜಿಯೂ ನಕ್ಕಳು. ಫ್ಯಾನು ತಿರುಗುತ್ತಲೇ ಇತ್ತು. ಶಿಲ್ಪಾ ಸುಮ್ಮನೆ ಕೂರಲಿಲ್ಲ. ಸೀರೆ ಉಡಿಸಿದವರು ಯಾರು, ಮುಹೂರ್ತದಲ್ಲಿ ಮೊದಲು ಅತ್ತವರು ಯಾರು, ಅಳದೆ ಅತ್ತ ಹಾಗೆ ಮಾಡಿದವರು ಯಾರು ಎಂದು ಕೇಳುತ್ತಾ ಹೋದಳು. ಮದುಮಗಳ ಬಾಯಿ ಬಂದು ಸೇರುವ ಹೊತ್ತಿಗೆ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು.

ಶಿಲ್ಪಾಳ ಜೊತೆ ಸ್ಟುಡಿಯೋದಿಂದ ಬಂದಿದ್ದ ಹರ್ಷಿಣಿ ಗೋಡೆಗೆ ಒರಗಿ, ಸ್ಯಾಂಪಲ್ ಆಲ್ಬಮ್‌ಗಳ ಚೀಲವನ್ನು ಕಾಲ ಮೇಲಿಟ್ಟುಕೊಂಡು ಕುಳಿತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಒಬ್ಬಳು ಕಾಫಿಯ ಲೋಟವನ್ನು ಅವಳ ಕೈಗೆ ಕೊಟ್ಟು, "ಇದನ್ನು ಆ ಹುಡುಗಿಗೆ ದಾಟಿಸು" ಎಂದಳು.

ಹೊರಡುವಾಗ ಕುಶಲಕ್ಕ ಅಂಗಳದವರೆಗೆ ಬಂದು ಹೇಳಿದ್ದೂ ಹರ್ಷಿಣಿಗೇ. "ಮುಂದಿನ ಸಲವೂ ಈ ಘಟ್ಟದ ಮೇಲಿನ ಹುಡುಗಿಯನ್ನೇ ಕಳಿಸಿ ಆಯ್ತಾ? ಮತ್ತೆ ಆ ಪೆಟ್ಟಿಗೆಯೊಂದನ್ನು ಬದಲಾಯಿಸಲಿಕ್ಕೆ ನಿಮ್ಮ ಸ್ಟುಡಿಯೋದ ಯಜಮಾನರು ಪೊರ್ಬುಗಳಿಗೆ ಹೇಳಿ. ಅದಕ್ಕೆ ನಮ್ಮ ಅಜ್ಜಿಗಿಂತ ಹೆಚ್ಚು ಉಬ್ಬಸ ಉಂಟು."

ಮೂರು ವರ್ಷ ಈ ಮನೆ ಮನೆ ತಿರುಗುವ ಕೆಲಸ ಹರ್ಷಿಣಿಯದಾಗಿತ್ತು. ಕಾಪುವಿನ ಹೆದ್ದಾರಿಯ ಬದಿಯಲ್ಲಿ ಅಲೋಶಿಯಸ್ ಅವರ ಸ್ಟುಡಿಯೋ. ಮದುವೆಯ ಫೋಟೋ ತೆಗೆಯುವುದು ಅವರು, ಆಲ್ಬಮ್ ಕೂಡಿಸುವುದು ಹುಡುಗಿಯರು. ಅವರ ತಮ್ಮ ದುಬೈಯಿಂದ ತಂದುಕೊಟ್ಟ ಲ್ಯಾಪ್‌ಟಾಪು ಮೊದಲು ಬಂದದ್ದು ಹರ್ಷಿಣಿಯ ಕೈಗೆ. ಆಮೇಲೆ ಶಿಲ್ಪಾ ಬಂದಳು. ಅವಳ ಅವ್ವ ಭಾಗವ್ವ ಮಣಿಪಾಲದ ಕಟ್ಟಡಗಳಲ್ಲಿ ಜಲ್ಲಿ ಹೊರುವವಳು. ಮಗಳು ಬಾಗಲಕೋಟೆಯ ಕಡೆ ಅಜ್ಜಿಯ ಮನೆಯಲ್ಲಿ ಪಿಯುಸಿ ಮುಗಿಸಿ, ಜೊತೆಗೆ ಒಂದಿಷ್ಟು ಕಂಪ್ಯೂಟರ್ ಕಲಿತು ಇಲ್ಲಿಗೆ ಬಂದವಳು. ಫೋಟೋದ ಹಿನ್ನೆಲೆ ಕತ್ತರಿಸುವುದು, ಕಪ್ಪು ಮುಖವನ್ನು ಕೆಡಿಸದೆ ಬೆಳಕು ಏರಿಸುವುದು, ಮಾವನ ಬೊಜ್ಜು ಒಳಗೆ ತಳ್ಳುವುದು, ಎಲ್ಲವನ್ನೂ ಕಲಿಸಿದವಳು ಹರ್ಷಿಣಿ.

ಕಳೆದ ವರ್ಷ ಊರಿಗೆಲ್ಲ ಚಿಕೂನ್‌ಗುನ್ಯಾ ಬಂದಾಗ ಹರ್ಷಿಣಿಗೂ ಬಂತು. ಬೆರಳ ಗಂಟುಗಳು ಊದಿ ಮೌಸ್ ಹಿಡಿಯಲಿಕ್ಕಾಗದೆ ಮನೆಯಲ್ಲಿ ಬಿದ್ದಳು. ಆಗ ಶಿಲ್ಪಾ ಮನೆಗಳಿಗೆ ಹೋದಳು. ಹರ್ಷಿಣಿ ಎದ್ದು ಬರುವಾಗ ಎಲ್ಲ ಮನೆಗಳೂ ಶಿಲ್ಪಾಳ ಹೆಸರನ್ನು ಕಲಿತುಬಿಟ್ಟಿದ್ದವು. ಯಾರೂ ಅವಳಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯುತ್ತಿತ್ತು. ಕಿತ್ತುಕೊಂಡಿದ್ದರೆ ಜಗಳವಾದರೂ ಮಾಡಬಹುದಿತ್ತು.

"ಇನ್ನೊಂದು ಸೀಸನ್ ಹಳೆಯದೇ ನಡೆಯುತ್ತದಾ ನೋಡುವ, ನಡೆಸಿ" ಎಂದು ಪ್ರತಿಸಲ ಹೇಳುತ್ತಿದ್ದ ಅಲೋಶಿಯಸ್, ಕುಶಲಕ್ಕನ ಮಾತು ಕೇಳಿದ ಮೇಲೆ ತಲೆ ಕೆರೆದುಕೊಂಡರು. "ಹೊಸತೇ ತೆಗೆದುಬಿಡುವ. ಮನೆಗಳಿಗೆ ಹೋಗುವವಳ ಕೈಯಲ್ಲೇ ಇರಲಿ ಅದು. ಶಿಲ್ಪಾ, ನಾಳೆ ಉಡುಪಿಗೆ ಹೋಗಿ ಎರಡು ಮೂರು ನೋಡು. ನನಗೆ ಕಾರ್ಕಳದಲ್ಲಿ ಮದುವೆ ಉಂಟು, ಫೋನ್ ಮಾಡುತ್ತೇನೆ. ಹರ್ಷಿಣಿ, ನೀನೂ ಜೊತೆಗೆ ಹೋಗು. ನಿನಗೆ ಅದರದ್ದೆಲ್ಲ ಗೊತ್ತಾಗುತ್ತದಲ್ವಾ?"

"ಆಯಿತು ಸರ್" ಎಂದಳು ಹರ್ಷಿಣಿ. ತಂಗಿಯ ಮದುವೆಗೆ ಸೀರೆ ಆರಿಸಲಿಕ್ಕೆ ಮದುವೆಯಾಗದ ಅಕ್ಕನನ್ನು ಕರೆದುಕೊಂಡು ಹೋಗುತ್ತಾರಲ್ಲ, ಹಾಗೆ.

ಮನೆಯಲ್ಲಿ ಅಮ್ಮ ರತ್ನಾವತಿ ಮೀನಿನ ಬುಟ್ಟಿ ತೊಳೆದು ಕವುಚಿ ಹಾಕುತ್ತಿದ್ದಳು. ವಿಷಯ ಕೇಳಿ, "ಬಲೆ ಎಳೆದವರು ಯಾರೋ, ಬುಟ್ಟಿ ತುಂಬಿಸಿಕೊಂಡವರು ಯಾರೋ" ಎಂದಳು. ಸಮಾಧಾನಕ್ಕೆಂದು ಹೇಳಿದಳೋ ಹಂಗಿಸಲಿಕ್ಕೋ ಗೊತ್ತಾಗಲಿಲ್ಲ. ಅವಳ ಮಾತೆಲ್ಲ ಹಾಗೆಯೇ.

ಉಡುಪಿಯ ಬಸ್ಸಿನಲ್ಲಿ ಶಿಲ್ಪಾ ಕಿಟಕಿಯ ಬದಿ ಕುಳಿತು ಒಂದೇ ಸಮನೆ ಮಾತಾಡಿದಳು. ಹರ್ಷಿಣಿ ಹೂಂ ಎನ್ನುತ್ತಿದ್ದಳು.

"ಅಕ್ಕಾ, ಸಿಟ್ಟಾಗೀರೇನು?"

"ನನಗೇಕೆ ಸಿಟ್ಟು? ಹಾಗೆ ಏನೂ ಇಲ್ಲ."

"ನೀವು ಸಿಟ್ಟಾದ್ರ ಇನ್ನೂ ಚಲೋ ಕನ್ನಡ ಮಾತಾಡ್ತೀರಿ. ರೇಡಿಯೋದಾಗ ವಾರ್ತೆ ಓದಿದಂಗ." ಶಿಲ್ಪಾ ಮೂಗು ಬಿಗಿಹಿಡಿದು ಅಣಕಿಸಿದಳು: "ನನಗೇಕೆ ಸಿಟ್ಟು. ವಾರ್ತೆಗಳು ಮುಕ್ತಾಯವಾದವು."

ಹಿಂದಿನ ಸೀಟಿನವರು ನಕ್ಕರು. ಹರ್ಷಿಣಿಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ತನ್ನ ಮನೆಯ ಮಾತು ತುಳು. ಕನ್ನಡವನ್ನು ಶಾಲೆಯಲ್ಲಿ ಒಂದೊಂದೇ ಅಕ್ಷರ ತಿದ್ದಿ ಕಲಿತದ್ದು. ಇವಳು ಅದನ್ನು ಹಳೆಯ ಚಪ್ಪಲಿಯ ಹಾಗೆ ಎಳೆದುಕೊಂಡು ತಿರುಗುತ್ತಾಳೆ, ಆದರೂ ಜನ ಇವಳ ಮಾತಿಗೇ ಕಿವಿ ಕೊಡುತ್ತಾರೆ.

ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಮೇಜಿನ ಮೇಲೆ ಲ್ಯಾಪ್‌ಟಾಪ್‌ಗಳನ್ನು ಬಾಯಿ ತೆರೆಸಿ ಸಾಲಾಗಿ ಇಟ್ಟಿದ್ದರು. ಒಂದು ತೀರಾ ಸಣ್ಣದು, ಎರಡು ಪುಟ ಪಕ್ಕಪಕ್ಕ ಹಿಡಿಯದು. ಇನ್ನೊಂದರ ಪರದೆಯನ್ನು ಸ್ವಲ್ಪ ಓರೆಯಾಗಿ ನೋಡಿದರೂ ಬಣ್ಣ ಬೆಳ್ಳಗಾಗುತ್ತಿತ್ತು. ಹತ್ತು ಜನ ಸುತ್ತ ಕೂತು ನೋಡುವ ಕೆಲಸಕ್ಕೆ ಅದು ಆಗದೆಂದು ಹರ್ಷಿಣಿಯೇ ಹೇಳಿದಳು. ಹೇಳಿದ ಮೇಲೆ ಯಾಕೆ ಹೇಳಿದೆನೋ ಎನ್ನಿಸಿತು. ಮೂರನೆಯದು ಕರಿಯದು, ಅಗಲದ್ದು. ಶಿಲ್ಪಾ ಪೆನ್‌ಡ್ರೈವ್ ಚುಚ್ಚಿ ಶಂಕರಪುರದ ಮದುಮಗಳನ್ನು ತೆರೆದಳು. ಒತ್ತಿದ ಬೆರಳು ಮೇಲೇಳುವ ಮೊದಲೇ ಮುಖ ಪೂರ್ತಿ ಬಂದಿತ್ತು. ಸೀರೆಯ ಕುಂಕುಮ ಬಣ್ಣ ಕುಂಕುಮ ಬಣ್ಣವೇ ಆಗಿತ್ತು.

"ಎವ್ವಾ!" ಎಂದಳು ಶಿಲ್ಪಾ. ಮುಚ್ಚಿದಳು, ಮತ್ತೆ ತೆರೆದಳು. ಮತ್ತೆ ಮುಚ್ಚಿದಳು. ಅಂಗಡಿಯವನ ಕಡೆ ನೋಡಿ ನಾಚಿಕೊಂಡಳು.

ಹರ್ಷಿಣಿ ಕುಂದು ಹುಡುಕಿದಳು. ಭಾರ ಎಂದಳು. ಬಿಸಿಯಾಗುತ್ತದೇನೋ ಎಂದಳು. ಆದರೆ ಅವಳ ಕಣ್ಣುಗಳು ಶಿಲ್ಪಾಳ ಬೆರಳುಗಳನ್ನೇ ನೋಡುತ್ತಿದ್ದವು. ಆ ಬೆರಳುಗಳು ಯಾವ ಗಂಟೂ ಊದದೆ ಕೀಲಿಗಳ ಮೇಲೆ ಸುಮ್ಮನೆ ಓಡಾಡುತ್ತಿದ್ದವು. ಈ ಪೆಟ್ಟಿಗೆ ಇಲ್ಲದೆಯೇ ಇವಳು ಅಷ್ಟು ಮನೆಗಳನ್ನು ಗೆದ್ದಳು. ಇದು ಸಿಕ್ಕರೆ ಮತ್ತೆ ತಾನು ಯಾವ ಮನೆಯ ಜಗಲಿಯನ್ನೂ ಹತ್ತುವ ಹಾಗಿಲ್ಲ.

ಅಷ್ಟರಲ್ಲಿ ಹರ್ಷಿಣಿಯ ಮೊಬೈಲಿಗೆ ಅಲೋಶಿಯಸ್ ಅವರ ಫೋನ್ ಬಂತು. ಹಿಂದೆ ಬ್ಯಾಂಡು ಬಡಿಯುತ್ತಿತ್ತು. "ಶಿಲ್ಪಾಳಿಗೆ ಕೊಡು" ಎಂದು ಅವರು ಕಿರುಚಿದ್ದು ಅಂಗಡಿಯವನಿಗೂ ಕೇಳಿಸಿತು.

"ಎಂತ ಶಿಲ್ಪಾ, ಲ್ಯಾಪ್‌ಟಾಪ್ ಎಂತ ಹೇಳುತ್ತದೆ?"

ಶಿಲ್ಪಾ ಕರಿಯ ಲ್ಯಾಪ್‌ಟಾಪಿನ ಅಂಚನ್ನು ಸವರುತ್ತಾ, "ನಡೀತೈತ್ರಿ ಸರ್" ಎಂದಳು.

"ಎಂತ? ನಡೆಯುತ್ತದಾ?"

"ಹೂಂನ್ರಿ. ನಡೀತೈತಿ."

"ಅಯ್ಯ ದೇವರೇ! ಹರ್ಷಿಣಿಗೆ ಕೊಡು."

ಹರ್ಷಿಣಿ ಫೋನ್ ಹಿಡಿದು, ಗದ್ದಲ ತಪ್ಪಿಸಲೆಂದು ಅಂಗಡಿಯ ಮೆಟ್ಟಿಲಿಗೆ ಬಂದಳು. "ಅವಳು ಎಂತ ಹೇಳುವುದು ಮಾರಾಯ್ತಿ? ಹಳೆಯದೇ ನಡೆಯುತ್ತದಂತೆ! ಮತ್ತೆ ನಾನು ಯಾರಿಗೆ ತೆಗೆದುಕೊಡುವುದು?"

ಶಿಲ್ಪಾ ಸ್ಟುಡಿಯೋಕ್ಕೆ ಸೇರಿದ ಹೊಸತರಲ್ಲಿ ಹರ್ಷಿಣಿ ತನ್ನ ಬುತ್ತಿಯ ಬಂಗುಡೆ ಸಾರನ್ನು ಮುಂದಿಟ್ಟು "ನಿನಗೆ ಮೀನು ಆಗುತ್ತದಾ?" ಎಂದು ಕೇಳಿದ್ದಳು. "ನಡೀತೈತ್ರಿ" ಎಂದಿದ್ದಳು ಶಿಲ್ಪಾ. "ಮೀನಿಗೆ ಕಾಲುಂಟಾ ನಡೆಯಲಿಕ್ಕೆ?" ಎಂದು ಹರ್ಷಿಣಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಲ್ಲಿಂದ ಮುಂದೆ ಆ ಮಾತಿನ ಒಳಹೊರಗೆಲ್ಲ ಅವಳಿಗೆ ಗೊತ್ತಾಯಿತು. ಶಿಲ್ಪಾಳ ಊರಲ್ಲಿ ಅದು ಒಪ್ಪಿಗೆ. ತುಂಬಾ ಬೇಕಾದದ್ದು ಎದುರಿಗೆ ಬಂದಾಗ, ಆಸೆಬುರುಕಿ ಎನ್ನಿಸಿಕೊಳ್ಳಬಾರದೆಂದು ಅವಳು ಆ ಮಾತನ್ನೇ ಹೇಳುತ್ತಿದ್ದಳು, ಅದೂ ನೆಲ ನೋಡಿಕೊಂಡು. ಇದು ಅಲೋಶಿಯಸ್ ಅವರಿಗೆ ಗೊತ್ತಿರಲಿಲ್ಲ, ನಡೆಯುತ್ತದೆ ಎಂದರೆ ಅವರಿಗೆ ಹಳೆಯದು ಇನ್ನೂ ಓಡುತ್ತದೆಂದೇ ಅರ್ಥ. ಹರ್ಷಿಣಿ ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಹೌದು ಸರ್" ಎಂದಳು ಅವಳು. "ಹಾಗೆಯೇ ಹೇಳಿದಳು."

ಅಲ್ಲಿಗೆ ಅದು ಸುಳ್ಳಾಗಿರಲಿಲ್ಲ. ಬ್ಯಾಂಡು ಒಂದು ಹಾಡು ಮುಗಿಸಿ ಇನ್ನೊಂದನ್ನು ಹಿಡಿಯಿತು.

"ಹೊಸತನ್ನು ಹೊತ್ತುಕೊಂಡು ತಿರುಗಲಿಕ್ಕೆ ಹೆದರಿಕೆ ಅಂತ ಕಾಣುತ್ತದೆ ಸರ್" ಎಂದು ಸೇರಿಸಿದಳು.

"ಹಾಗಾದರೆ ಮನೆಗಳಿಗೆ ನೀನೇ ಹೋಗು. ಹಳೆಯದು ಒಳಗೆ ಅವಳಿಗೆ ಇರಲಿ. ನಿನಗೆ ಯಾವುದು ಬೇಕೋ ನೋಡಿ ಹೇಳು, ಸಂಜೆ ಬಂದು ತೆಗೆದುಕೊಳ್ಳುತ್ತೇನೆ."

ಹರ್ಷಿಣಿ ಒಳಗೆ ಬಂದಳು. "ಹೊಸತು ನಾನು ಇಟ್ಟುಕೊಳ್ಳಬೇಕಂತೆ. ಸರ್ ಹೇಳಿದರು."

ಶಿಲ್ಪಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪರದೆಯ ಮೇಲಿದ್ದ ಮದುಮಗಳನ್ನು ಮುಚ್ಚಿ, ಪೆನ್‌ಡ್ರೈವ್ ಕಿತ್ತು, ಕೀಲಿಗಳ ಮೇಲೆ ಬಿದ್ದಿದ್ದ ತನ್ನ ಬೆವರನ್ನು ವೇಲಿನ ತುದಿಯಿಂದ ಒರೆಸಿದಳು.

"ಹಂಗಾರ ನೀವು ಒತ್ತಿ ನೋಡ್ರಿ ಅಕ್ಕಾ" ಎಂದು ಸರಿದು ನಿಂತಳು. "ನಿಮಗ ಹಿಡಿಸಬೇಕಲ್ಲ."

"ಇದೇ ಇರಲಿ" ಎಂದಳು ಹರ್ಷಿಣಿ, ಒತ್ತಿ ನೋಡದೆ.

ಮುಂದಿನ ವಾರ, ತಿದ್ದಿದ ಪುಟಗಳನ್ನು ಕೊನೆಯ ಸಲ ತೋರಿಸಲೆಂದು, ಶಂಕರಪುರದ ಮನೆಗೆ ಅವಳು ಒಬ್ಬಳೇ ಹೋದಳು. ಒಳ್ಳೆಯ ಚೂಡಿದಾರ್ ಹಾಕಿಕೊಂಡು ಹೋಗಿದ್ದಳು. ಹೆಂಗಸರು ಬಂದು ಕುಳಿತರು. ಹರ್ಷಿಣಿ ಒತ್ತಿದಳು, ಪುಟ ಬಂತು. ಒತ್ತಿದಳು, ಬಂತು. ಮದರಂಗಿ, ಧಾರೆ, ಆರತಿ, ಊಟದ ಪಂಕ್ತಿ, ಬೀಳ್ಕೊಡುಗೆ. ಒಬ್ಬಳು "ಇದು ಯಾರು" ಎಂದು ಬಾಯಿ ತೆರೆಯುವಷ್ಟರಲ್ಲಿ ಮುಂದಿನದು ಬಂದಿರುತ್ತಿತ್ತು. ಒಳಗೆ ಕಾಫಿಗೆ ಇಟ್ಟ ನೀರು ಕುದಿಯುವ ಮೊದಲೇ ಆಲ್ಬಮ್ ಮುಗಿಯಿತು.

"ಮುಗಿಯಿತಾ?" ಎಂದಳು ಕುಶಲಕ್ಕ.

"ಮುಗಿಯಿತು."

"ಚಂದ ಉಂಟು."

ಅಜ್ಜಿ ಎದ್ದು ಒಳಗೆ ಹೋದಳು. ಹರ್ಷಿಣಿ ಹಿಂದಕ್ಕೆ ಒತ್ತಿ ಮದುಮಗಳ ಮುಖವನ್ನು ತಂದು ನಿಲ್ಲಿಸಿ, "ಮದುವೆಯಾದ ಮೇಲೆ ಬಾಯಿ ಯಾಕೆ, ಅಲ್ವಾ?" ಎಂದಳು. ಹೆಂಗಸರು ಪರದೆಯನ್ನು ನೋಡಿದರು. ಹುಡುಗಿಯ ಬಾಯಿ ಇದ್ದಲ್ಲೇ ಇತ್ತು, ತುಟಿಯ ಬಣ್ಣ ಸಮೇತ.

"ಎಂತ?" ಎಂದಳು ಕುಶಲಕ್ಕ.

"ಏನಿಲ್ಲ."

"ಆ ಘಟ್ಟದ ಹುಡುಗಿ ಯಾಕೆ ಬರಲಿಲ್ಲ?"

"ಅವಳಿಗೆ ಒಳಗೆ ಕೆಲಸ ಉಂಟು."

ಹೊರಡುವಾಗ ಕುಶಲಕ್ಕ ಬಾಳೆಎಲೆಯ ಒಂದು ಪುಟ್ಟ ಕಟ್ಟು ತಂದು ಕೊಟ್ಟಳು. "ನಮ್ಮ ತೋಟದ ಮಲ್ಲಿಗೆ. ಅವಳಿಗೆ ಕೊಡು. ಇದನ್ನು ಎಷ್ಟು ದೂರದವರೆಲ್ಲ ಮುಡಿಯುತ್ತಾರೆ ಅಂತ ನಾವು ಹೇಳಿದ್ದನ್ನು ಅವತ್ತು ಬಾಯಿ ಬಿಟ್ಟುಕೊಂಡು ಕೇಳಿದ್ದಳು ಪಾಪ, ಯಾವತ್ತೂ ಮುಡಿದವಳಲ್ಲ. ನಿನಗೂ ಕೊಡುತ್ತಿದ್ದೆ. ಬೆಳಿಗ್ಗೆಯೇ ಎಲ್ಲ ಮಾರಾಟಕ್ಕೆ ಹೋಗಿ ಆಯಿತು, ಉಳಿದದ್ದು ಇಷ್ಟೇ."

ಹರ್ಷಿಣಿ ಬಸ್ಸಿಗೆ ಕಾಯುತ್ತಾ ನಿಂತಳು. ಹೆಗಲಲ್ಲಿ ಲ್ಯಾಪ್‌ಟಾಪು ನಿಜಕ್ಕೂ ಭಾರವಾಗಿತ್ತು. ನಾರು ಬಿಚ್ಚಿ ಎಲೆ ತೆರೆದಳು. ಒತ್ತಾಗಿ ಕಟ್ಟಿದ ಮೊಗ್ಗುಗಳು ಇನ್ನೂ ಅರಳಿರಲಿಲ್ಲ. ಆ ಕಡೆ ಈ ಕಡೆ ನೋಡಿ, ಜಡೆಗೆ ಮುಡಿದುಕೊಂಡಳು. ಎಲೆಯನ್ನು ಚರಂಡಿಗೆ ಎಸೆದಳು.

ಸ್ಟುಡಿಯೋದ ಒಳಕೋಣೆಯಲ್ಲಿ ಶಿಲ್ಪಾ ಒಬ್ಬಳೇ ಇದ್ದಳು. ಹಳೆಯ ಲ್ಯಾಪ್‌ಟಾಪಿನಲ್ಲಿ ಯಾರದೋ ನಿಶ್ಚಿತಾರ್ಥ ಇಷ್ಟಿಷ್ಟೇ ಮೂಡುತ್ತಿತ್ತು. ಅವಳು ತಲೆಯೆತ್ತಿ ಹರ್ಷಿಣಿಯನ್ನು ನೋಡಿದಳು. ಆಮೇಲೆ ಹೂವನ್ನು ನೋಡಿದಳು.

"ಕುಶಲಕ್ಕ ಕೊಟ್ಟರು" ಎಂದಳು ಹರ್ಷಿಣಿ.

"ಚಲೋ ಒಪ್ಪೈತ್ರಿ ನಿಮಗ. ಆದ್ರ ಜಾರಾಕತ್ತೈತಿ. ನಿಲ್ರಿ."

ಶಿಲ್ಪಾ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತಳು. ಜಡೆಯನ್ನು ಎತ್ತಿ, ಸಡಿಲಾದ ದಂಡೆಯನ್ನು ಒಂದು ಸುತ್ತು ಬಿಚ್ಚಿದಳು. "ಸರ್ ಫೋನ್ ಮಾಡಿದ್ರು" ಎಂದಳು. "ಹಳೇದ ಸಾಕು ಅಂದ್ಯಂತ, ಹೊಸಾದಕ್ಕ ಹೆದರಿದ್ಯಂತ, ಯಾಕ ಅಂತ ಕೇಳಿದ್ರು."

ಹೊರಗೆ ಹೆದ್ದಾರಿಯಲ್ಲಿ ಒಂದು ಮೀನಿನ ಲಾರಿ ಹೋಯಿತು. ಗಾಜಿನ ಬಾಗಿಲು ಅದುರಿತು.

"ನೀನು ಎಂತ ಹೇಳಿದಿ?" ಎಂದು ಕೇಳಿದಳು ಹರ್ಷಿಣಿ.

ಶಿಲ್ಪಾ ತನ್ನ ತಲೆಯಿಂದ ಹೇರ್‌ಪಿನ್ನೊಂದನ್ನು ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಎರಡೂ ಕೈಯಿಂದ ಹೂವನ್ನು ಮೆಲ್ಲಗೆ ಎತ್ತಿ ಹಿಡಿದು, ಮೊಗ್ಗು ಉದುರದ ಹಾಗೆ, ಎಲ್ಲಿ ಚುಚ್ಚಿದರೆ ನಿಲ್ಲುತ್ತದೆಂದು ನೋಡುತ್ತಿದ್ದಳು. ಹರ್ಷಿಣಿ ಹೆಗಲಿನ ಚೀಲವನ್ನು ಇಳಿಸದೆ, ತಲೆ ಬಗ್ಗಿಸಿ ನಿಂತಿದ್ದಳು.