ಅಂಟುಗೈ ತ್ರಿವೇಣಿ

ತ್ರಿವೇಣಿ ಮುಟ್ಟಿದ ವಸ್ತು ತಾನಾಗಿ ಅವಳ ಕೈ ಬಿಡುತ್ತಿರಲಿಲ್ಲ. ಚಹಾದ ಲೋಟವಾಗಲಿ, ಬಾಗಿಲ ಚಿಲಕವಾಗಲಿ, ತಾಯಿಯ ಇಳಕಲ್ ಸೀರೆಯ ಸೆರಗಾಗಲಿ, ಆ ಬೆರಳುಗಳಿಗೆ ಸೋಕಿದರೆ ಕಿತ್ತೇ ಬಿಡಿಸಿಕೊಳ್ಳಬೇಕು. ಹ್ಯಾಂಡ್‌ಬಾಲ್ ಆಡುವವರು ಚೆಂಡು ಜಾರದಿರಲೆಂದು ಬೆರಳಿಗೆ ರಾಳದ ಅಂಟು ಬಳಿದುಕೊಳ್ಳುತ್ತಾರೆ; ಆಟ ಮುಗಿದೊಡನೆ ಎಣ್ಣೆ ತಿಕ್ಕಿ ತೊಳೆಯುತ್ತಾರೆ. ಈ ಹಟಮಾರಿ ಮಾತ್ರ ಮೈದಾನದಲ್ಲಿ ತೊಳೆದವಳೇ ಅಲ್ಲ. "ಅಲ್ಲೇ ಕೈ ತೊಳ್ಕೊಂಡ್ರ ನನ್ನ ಆಟ ಮುಗೀತು ಅಂದಂಗವ್ವಾ" ಎನ್ನುತ್ತಿದ್ದಳು. ಹೀಗಾಗಿ ಪುಣೆಯ ಶಿವಾಜಿನಗರದ ಮೈದಾನದಿಂದ ನಿಗಡಿಯ ಮನೆಯವರೆಗೆ, ಬಸ್ಸಿನ ಕಂಬಿಗೆ ಮೊಣಕೈ ಸಿಕ್ಕಿಸಿಕೊಂಡು, ಮೆಹಂದಿ ಹಚ್ಚಿದ ಮದುಮಗಳಂತೆ ಅಂಗೈ ಮೇಲೆತ್ತಿಕೊಂಡೇ ಅವಳ ಪ್ರಯಾಣ.

ಧಾರವಾಡದಿಂದ ಗಂಡನ ಗುಮಾಸ್ತಿಕೆಯ ಬೆನ್ನುಹತ್ತಿ ಪುಣೆಗೆ ಬಂದ ತಾಯಿ ಚನ್ನಬಸವ್ವ, ಶೇಂಗಾ ಎಣ್ಣೆಯ ಬಾಟಲಿ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. "ಏನ್ ಹೆಣ್ಣಿದು ನಮ್ಮವ್ವಾ, ಮನಿ ತುಂಬ ಅಂಟು!" ಎಂದು ಬಯ್ಯುತ್ತಲೇ ಒಂದೊಂದೇ ಬೆರಳನ್ನು ತಿಕ್ಕುವಳು. ತ್ರಿವೇಣಿಗೆ ಭಾರತ ತಂಡದಲ್ಲಿ ಹನ್ನೊಂದು ವರ್ಷ. ಮೇ ತಿಂಗಳ ಬಿಸಿಲಲ್ಲೂ ಮೈಬಿಡದ, ಮೊಣಕೈಯಲ್ಲಿ ತೇಪೆ ಕಂಡ ತಂಡದ ನೀಲಿ ಜಾಕೀಟು. ಯಾರೋ ನೂಕಲು ಬರುತ್ತಿದ್ದಾರೆಂಬಂತೆ ಕಾಲಗಲಿಸಿ ಊರುವ ನಡಿಗೆ. ಒಮ್ಮೆ ಪರದೇಶದ ಗೋಲ್‌ಕೀಪರ್ ಒಬ್ಬಳು ಇವಳ ಒಂಬತ್ತು ಚೆಂಡುಗಳನ್ನು ತಡೆದು ತಂಡವನ್ನು ಸೋಲಿಸಿದ್ದಳು. ಮಗಳು ಅಳುತ್ತ ಬರುವಳೆಂದುಕೊಂಡರೆ, ಒಂದು ತಿಂಗಳು ಅವಳದೇ ಗುಣಗಾನ! "ಎಂಥಾ ಹುಡುಗಿ ಅಂತೀ! ಒಂದೂ ಬಿಡ್ಲಿಲ್ಲ ನೋಡು!" ಸೋಲಿಸಿದವಳನ್ನು ಹೀಗೆ ಹೊಗಳುವ ಮಗಳನ್ನು ಕಂಡು ಚನ್ನಬಸವ್ವ ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದಳು.

ಮೂವತ್ತಮೂರು ತುಂಬಿ, ಚೆಂಡೆಸೆಯುವ ಎಡಭುಜ ನೋಯತೊಡಗಿದ ಈ ವರ್ಷ ಏಷ್ಯಾ ಪಂದ್ಯಾವಳಿಯ ಆಯ್ಕೆ ನಡೆಯಿತು. ಈ ಸಲ ಹೆಸರು ತಪ್ಪಿದರೆ ಇನ್ನಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಅಂದು ಸಂಜೆ ಬಾಗಿಲು ತೆರೆದ ಚನ್ನಬಸವ್ವ ಎಂದಿನಂತೆ ಮಗಳ ಕೈ ಹಿಡಿದಳು. ಹಿಡಿದ ಕೈ ಸುಮ್ಮನೆ ಜಾರಿತು. ಅಂಟಿಲ್ಲ!

"ಕೈ ಯಾಕ ತೊಳ್ಕೊಂಡೀ?"

"ಪ್ರಾಚಿ ಚೆಂಡು ಬಿಟ್ಟುಕೊಟ್ಲವ್ವಾ."

ಪ್ರಾಚಿ ಎಂದರೆ ತ್ರಿವೇಣಿಯೇ ಶಾಲಾದಿನಗಳಿಂದ ಪಳಗಿಸಿದ ಗೋಲ್‌ಕೀಪರ್. ಮರಾಠಿಯಲ್ಲಿ ಅಕ್ಕನನ್ನು ಕರೆಯುವಂತೆ 'ತಾಈ' ಎಂದು ಇವಳ ಹಿಂದೆಯೇ ಸುತ್ತಿದವಳು. ಆಯ್ಕೆಯಲ್ಲಿ ತ್ರಿವೇಣಿಯ ನಾಲ್ಕನೆಯ ಎಸೆತ ಸಣ್ಣ ಮಕ್ಕಳೂ ಹಿಡಿಯುವಷ್ಟು ಸೋತು ಬಂದಿತ್ತು. ಪ್ರಾಚಿ ಅದನ್ನು ನೋಡಿಯೂ ಬೇಕೆಂದೇ ಇನ್ನೊಂದು ಬದಿಗೆ ಹಾರಿದ್ದಳು. ಆಯ್ಕೆಗಾರರು ಚಪ್ಪಾಳೆ ತಟ್ಟಿದರು. ತ್ರಿವೇಣಿ ನೇರ ಅವರ ಬಳಿ ಹೋಗಿ, ಆ ಗೋಲನ್ನೂ ತನ್ನ ಹೆಸರನ್ನೂ ಹೊಡೆದುಹಾಕಿ ಎಂದಳು. ಹುಡುಗಿಯರಿಂದ ಎಣ್ಣೆ ಕೇಳಿ ಪಡೆದು, ಮೈದಾನದ ನಲ್ಲಿಯಲ್ಲೇ ಕೈ ತೊಳೆದಳು.

"ಬಿಟ್ರ ಬಿಟ್ಲು! ಗೋಲ್ ಆಗಿತ್ತಿಲ್ಲೋ? ಹುಚ್ಚಿ, ನೀನಽ ಹೋಗಿ ಹೇಳೂದೇನಿತ್ತು?" ಎಂದಳು ಚನ್ನಬಸವ್ವ.

"ನಿನ್ನೀತನಕ ಅಕಿ ನನ್ನ ಚೆಂಡಿಗೆ ಅಂಜತಿದ್ಲವ್ವಾ. ಇವತ್ತ ಅಯ್ಯೋ ಪಾಪ ಅಂದ್ಲು."

ಚನ್ನಬಸವ್ವ ಬಾಟಲಿ ಬಗ್ಗಿಸಿ, ಶುಭ್ರವಾಗಿದ್ದ ಆ ಬೆರಳುಗಳಿಗೇ ಒಂದೊಂದಾಗಿ ಎಣ್ಣೆ ತಿಕ್ಕತೊಡಗಿದಳು. ಎದುರು ನಿಂತವರು ಸರ್ವಶಕ್ತಿಯಿಂದ ತಡೆದಾಗಲೇ ತಮಗೆ ಮರ್ಯಾದೆ ಸಂದಿತೆಂದು ತಿಳಿಯುವ ಇಂಥವರು ನಮ್ಮ ನಡುವೆ ವಿರಳ. ಎಷ್ಟು ಸೋಲನ್ನಾದರೂ ಅವರು ನಗುತ್ತ ಹೊತ್ತು ತಂದಾರು, ಆದರೆ ಯಾರಾದರೂ ಪ್ರೀತಿಯಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟುಕೊಟ್ಟರೆ, ಆ ದಿನವೇ ಕೈ ತೊಳೆದುಕೊಂಡು ಮನೆಗೆ ಬಂದುಬಿಡುತ್ತಾರೆ.