ಕಡೆಯ ಪೊಟ್ಟಣದ ಕಾಗದ

ಪುಟ್ಟಿಗೆ ನಲವತ್ತಮೂರು ವರ್ಷ. ಇಪ್ಪತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ಅವಳ ಅಂಗೈ ಮರಗೆಲಸದವರ ಅಂಗೈಯಂತೆ ಒರಟಾಗಿತ್ತು. ಆದರೂ ಸೋದರಮಾವನ ಬಾಯಲ್ಲಿ ಅವಳು ಇನ್ನೂ ಪುಟ್ಟಿಯೇ. ಅವನು ಹಾಗೆ ಕರೆದೂ ಕರೆದೂ ಜೊತೆಯ ಕೆಲಸಗಾರರೂ ಹಾಗೇ ಕರೆಯತೊಡಗಿದ್ದರು. ಅವಳು ಬೇಡವೆನ್ನುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಮಾವ ಕಪ್ಪು-ಬಿಳುಪು ಫೋಟೋ ತೊಳೆಯುವವನು. ಮನೆಯ ಹಿಂದಿನ ಉಗ್ರಾಣವೇ ಅವನ ಡಾರ್ಕ್‌ರೂಮ್. ಕಿಟಕಿಗೆ ಎರಡು ಪದರ ಕಪ್ಪು ಬಟ್ಟೆ, ಬಾಗಿಲ ಸಂದಿಗೆ ಹಳೆಯ ಕಂಬಳಿಯ ತುಂಡು, ಒಳಗೆ ಒಂದೇ ಒಂದು ಕೆಂಪು ದೀಪ, ಬಾಗಿಲು ತೆರೆದರೆ ಹುಳಿಹುಳಿ ವಾಸನೆ. ಮೇಜಿನ ಮೇಲೆ ಎನ್‌ಲಾರ್ಜರ್. ನೆಗೆಟಿವ್‌ನಲ್ಲಿರುವ ಚಿಕ್ಕ ಚಿತ್ರವನ್ನು ಬೆಳಕಿನಿಂದ ಹಿಗ್ಗಿಸಿ ಕೆಳಗಿನ ಕಾಗದದ ಮೇಲೆ ಬೀಳಿಸುವ ಯಂತ್ರ ಅದು. ಅದರ ದೀಪ ಎಷ್ಟು ಸೆಕೆಂಡ್ ಉರಿಯಬೇಕೋ ಅಷ್ಟೇ ಉರಿಸಿ ಆರಿಸುವುದು ಪಕ್ಕದ ಟೈಮರ್‌ನ ಕೆಲಸ. ಒಂದೆರಡು ಸೆಕೆಂಡ್ ಹೆಚ್ಚಾದರೆ ಮುಖ ಕಪ್ಪಿಡುತ್ತದೆ, ಕಡಿಮೆಯಾದರೆ ಸೋರಿಹೋದಂತೆ ಪೇಲವವಾಗುತ್ತದೆ.

ಆ ಟೈಮರ್ ಒಂದು ದಿನ ಕೈಕೊಟ್ಟಿತು. ಅದನ್ನು ಮಾಡುತ್ತಿದ್ದ ಕಂಪನಿ ಮುಚ್ಚಿ ಮೂವತ್ತು ವರ್ಷವಾಗಿತ್ತು. ಮಾವ ಬಾಯಲ್ಲೇ ಎಣಿಸಲು ಶುರುಮಾಡಿದ. ಯಾರಾದರೂ ಬಾಗಿಲು ತಟ್ಟಿದರೆ ಒಳಗಿನಿಂದ ಕೂಗು ಕೇಳಿಸುತ್ತಿತ್ತು: "ಹನ್ನೊಂದು, ಹನ್ನೆರಡು... ಯಾರ್ರೀ ಅದು! ಹೋಯ್ತು ಹಾಳಾಗಿ, ಹನ್ನೆರಡಾಯ್ತೋ ಹದಿಮೂರಾಯ್ತೋ!"

"ನಾನೊಂದು ಮಾಡಿಕೊಡ್ತೀನಿ ಬಿಡಿ ಮಾವ" ಎಂದಳು ಪುಟ್ಟಿ. "ಲಿಫ್ಟನ್ನೇ ಸರಿಯಾದ ಮಹಡಿಗೆ ನಿಲ್ಲಿಸ್ತೀನಿ, ಒಂದು ದೀಪ ಆರಿಸೋದು ದೊಡ್ಡ ವಿಷಯಾನಾ?"

ದೊಡ್ಡ ವಿಷಯವೇ ಆಯಿತು. ಹದಿನಾಲ್ಕು ತಿಂಗಳು ಹಿಡಿಯಿತು. ಕತ್ತಲಲ್ಲಿ ಕೈಗೆ ಸಿಗುವ ಹಾಗೆ ದಪ್ಪ ತಿರುಗುಗುಂಡಿ ಬೇಕೆಂದ ಮಾವ. ಎರಡು ಕೈಯೂ ಕಾಗದದ ಮೇಲಿರುತ್ತದೆ, ಕಾಲಲ್ಲಿ ಒತ್ತುವ ಸ್ವಿಚ್ ಬೇಕೆಂದ. ಸೆಕೆಂಡ್ ತೋರಿಸುವ ಅಂಕಿ ಕೆಂಪಾಗಿಯೇ ಇರಬೇಕೆಂದ, ಫೋಟೋ ಕಾಗದ ಕೆಂಪು ಬೆಳಕೊಂದನ್ನು ಬಿಟ್ಟು ಬೇರೆ ಯಾವುದನ್ನೂ ಸಹಿಸದು. ಪುಟ್ಟಿ ಆರನೆಯ ಮಾದರಿಯನ್ನು ತಂದಿಟ್ಟಾಗ ಮಾವ ಅದರ ಅಂಕಿಗಳ ಮುಂದೆ ಒಂದು ಫೋಟೋ ಹಾಳೆ ಇಟ್ಟು, ಹಾಳೆಯ ಮೇಲೆ ಒಂದು ನಾಣ್ಯ ಇಟ್ಟು, ಕಾಲು ಗಂಟೆ ಸುಮ್ಮನೆ ಕೂತ. ಆಮೇಲೆ ಹಾಳೆಯನ್ನು ಔಷಧಿಯಲ್ಲಿ ತೊಳೆದ. ಬೆಳಕು ತಾಗಿದ್ದರೆ ಸುತ್ತೆಲ್ಲ ಬೂದಿಯಾಗಿ ನಾಣ್ಯದ ಜಾಗವಷ್ಟೇ ಬೆಳ್ಳಗೆ ಉಳಿಯಬೇಕು. ನಾಣ್ಯದ ಗುರುತು ಬಿದ್ದಿರಲಿಲ್ಲ, ಹಾಳೆ ಹಾಲಿನಂತೆ ಬೆಳ್ಳಗಿತ್ತು.

"ಪಾಸಾದೆ ಪುಟ್ಟಿ" ಎಂದ. ಮಾವ ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ. ಅವಳು ಆ ಮಾತನ್ನು ಒಂದು ವಾರ ನೆನೆನೆನೆದು ಸಂತೋಷಪಟ್ಟಳು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಪುಟ್ಟಿಯ ತಂಗಿ ಸುಮ್ಮನಿರಲಿಲ್ಲ. ಜಾಹೀರಾತು ಬರೆಯುವುದು ಅವಳ ಕಸುಬು, ಎರಡು ಸಾಲಿನಲ್ಲಿ ಕಲ್ಲನ್ನೂ ಮಾರಿಯಾಳು. "ಪ್ರಪಂಚದಲ್ಲಿ ಮಾವನ ಥರದ ಹುಚ್ಚರು ಎಷ್ಟು ಜನ ಇದ್ದಾರೆ ಗೊತ್ತಾ ಅಕ್ಕ? ಎಲ್ಲರ ಟೈಮರೂ ಸಾಯೋ ವಯಸ್ಸಿನದ್ದೇ" ಎಂದು ಕ್ರೌಡ್‌ಫಂಡಿಂಗ್ ತಾಣದಲ್ಲಿ ಒಂದು ಪುಟ ತೆರೆದಳು. ವಸ್ತು ಬೇಕೆನ್ನುವವರು ಮೊದಲೇ ಹಣ ಹಾಕುತ್ತಾರೆ, ಸಾಕಷ್ಟು ಕೂಡಿದ ಮೇಲೆ ಮಾಡಿ ಕಳಿಸಬೇಕು. ಮಾವ ದಪ್ಪ ಗುಂಡಿ ತಿರುಗಿಸುತ್ತ ಹಲ್ಲು ಬಿಡುವ ವಿಡಿಯೋ ಹಾಕಿದಳು. ನೂರು ಜನ ಬಂದರೆ ಸಾಕು ಎಂದುಕೊಂಡಿದ್ದರು. ನಾನೂರ ಹನ್ನೆರಡು ಜನ ಬಂದರು.

ನಾನೂರು ಟೈಮರ್ ಮನೆಯಲ್ಲಿ ಬೆಸುಗೆ ಹಾಕುವ ಮಾತಲ್ಲ. ದೂರದ ಕಾರ್ಖಾನೆಯೊಂದಕ್ಕೆ ಸರ್ಕ್ಯೂಟ್ ಬೋರ್ಡುಗಳ ಕೆಲಸ ಕೊಟ್ಟರು. ಅಲ್ಲಿಂದ ದಿನಕ್ಕೊಂದು ಮೇಲ್, ಒಂದೊಂದರಲ್ಲೂ ಹತ್ತು ಪ್ರಶ್ನೆ. ಅಂಥದೊಂದು ಮೇಲ್ ಬಂದಾಗ ಪುಟ್ಟಿ ಆಸ್ಪತ್ರೆಯ ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದಳು. ಒಂದು ಕೈಯಲ್ಲಿ ಸ್ಪ್ಯಾನರ್, ಕೆಳಗೆ ಸ್ಟ್ರೆಚರ್‌ನವರು ಬೇಗ ಬೇಗ ಎನ್ನುತ್ತಿದ್ದಾರೆ. ಏಳನೆಯ ಪ್ರಶ್ನೆ ಹೀಗಿತ್ತು: ಅಂಕಿ ತೋರಿಸುವ ಭಾಗ ಸರಬರಾಜಿಲ್ಲ, ಬೇರೆಯದು ಇದೆ, ಅದೇ ಅಳತೆ, ಅದೇ ಕೆಂಪು, ಹಾಕಬಹುದೇ? ಪುಟ್ಟಿ ಹೆಬ್ಬೆರಳಿನಲ್ಲಿ "ಸರಿ" ಎಂದು ಒತ್ತಿ ಫೋನನ್ನು ಜೇಬಿಗೆ ಹಾಕಿದಳು.

ಪೆಟ್ಟಿಗೆಗಳು ಬಂದವು. ಅಕ್ಕತಂಗಿ ಊಟದ ಮೇಜಿನ ಮೇಲೆ ಒಂದೊಂದನ್ನೂ ಚಾಲೂ ಮಾಡಿ, ಹತ್ತು ಸೆಕೆಂಡ್ ಓಡಿಸಿ, ದೀಪ ಆರುವುದನ್ನು ನೋಡಿ ಕಟ್ಟಿದರು. ಒಂದೂ ತಪ್ಪಲಿಲ್ಲ. ಮೊದಲ ಕಂತಿನಲ್ಲಿ ಮುನ್ನೂರ ಎಂಬತ್ತು ಪೆಟ್ಟಿಗೆಗಳು ಅಂಚೆಗೆ ಹೋದವು. ಕಣ್ಣಿಗೆ ಕೆಂಪು ಕೆಂಪಾಗಿಯೇ ಕಾಣುತ್ತಿತ್ತು. ನಾಣ್ಯ ಇಟ್ಟು ನೋಡುವುದು ಯಾರಿಗೂ ಹೊಳೆಯಲಿಲ್ಲ.

ಉಳಿದವುಗಳಲ್ಲಿ ಒಂದನ್ನು ಪುಟ್ಟಿ ಮಾವನಿಗೆ ಕೊಟ್ಟಿದ್ದಳು. ಮಾದರಿ ಒರಟಾಗಿದೆ, ಇದು ನೋಡಲು ಚೆಂದ ಎಂದು. ಅದನ್ನು ಕೊಟ್ಟ ನಾಲ್ಕನೆಯ ದಿನ ಮಾವ ಫೋನ್ ಮಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ದಿಗಿಲಾಯಿತು.

"ಪುಟ್ಟಿ, ಬಿಳಿ ಹೋಗಿದೆಯಲ್ಲೇ."

"ಏನು ಹಾಗಂದ್ರೆ?"

"ಎಲ್ಲಿ ಬಿಳಿ ಇರಬೇಕೋ ಅಲ್ಲೆಲ್ಲ ಬೂದಿ. ಔಷಧಿ ಬದಲಾಯಿಸಿದೆ, ಕಾಗದ ಬದಲಾಯಿಸಿದೆ. ಕೊನೆಗೆ ನಿನ್ನ ಟೈಮರ್ ಮುಂದೆ ನಾಣ್ಯ ಇಟ್ಟೆ. ನಾಣ್ಯ ಮೂಡಿಬಿಡ್ತು, ದುಂಡಗೆ, ಹುಣ್ಣಿಮೆ ಚಂದ್ರನ ಹಾಗೆ."

ಪುಟ್ಟಿಗೆ ಆಸ್ಪತ್ರೆಯ ಲಿಫ್ಟಿನ ಮೇಲೆ ಕೂತು ಒತ್ತಿದ "ಸರಿ" ನೆನಪಾಯಿತು. ಹೊಸ ಅಂಕಿಗಳ ಕೆಂಪಿನಲ್ಲಿ ಒಂದಿಷ್ಟು ಕಿತ್ತಳೆ ಬೆರೆತಿತ್ತು. ಕಣ್ಣಿಗೆ ಕಾಣದ್ದು ಕಾಗದಕ್ಕೆ ಕಂಡಿತ್ತು. ಕತ್ತಲಿಗೆಂದೇ ಅವಳು ಮಾಡಿದ ಯಂತ್ರ ಕತ್ತಲನ್ನೇ ಕೆಡಿಸುತ್ತಿತ್ತು.

ಅವಳು ಅಂಚೆ ಕಚೇರಿಗೆ ಓಡಿದಳು. ಕಿಟಕಿಯ ಹಿಂದಿನ ಗುಮಾಸ್ತ ರಸೀದಿಗಳ ಕಟ್ಟನ್ನು ನೋಡಿ, ಅವಳ ಮುಖ ನೋಡಿ, ಮರುಕದಿಂದಲೇ ಹೇಳಿದ: "ಅಮ್ಮಾ, ಹೊರಟು ಎಂಟು ದಿನ ಆಯ್ತು. ಈಗ ಅವು ವಿಮಾನದಲ್ಲಿವೆಯೋ, ಹಡಗಿನಲ್ಲಿವೆಯೋ, ಯಾರ ಮನೆ ಬಾಗಿಲಲ್ಲಿವೆಯೋ. ನಾನೆಲ್ಲಿಂದ ಹಿಡಿದು ತರಲಿ?"

ತಂಗಿ ಎಲ್ಲರಿಗೂ ಮೇಲ್ ಕಳಿಸಿದಳು: ದಯವಿಟ್ಟು ಟೈಮರ್ ಹಚ್ಚಬೇಡಿ, ಅಂಕಿಗಳ ಮೇಲೆ ಅಂಟಿಸುವ ಗಾಢ ಕೆಂಪು ಪಾರದರ್ಶಕ ಹಾಳೆ ಕಳಿಸುತ್ತಿದ್ದೇವೆ, ತಪ್ಪು ನಮ್ಮದು. ಬಹಳ ಜನ ಒಳ್ಳೆಯದಾಗಿಯೇ ಉತ್ತರಿಸಿದರು. ಕೆಲವರು ಬೈದರು. ಕಂತೆ ಕಂತೆ ಕೆಂಪು ಹಾಳೆಯನ್ನು ಪುಟ್ಟಿ ಕತ್ತರಿಸಿ, ಲಕೋಟೆಗೆ ಹಾಕಿ ಕಳಿಸಿದಳು. ಎಪ್ಪತ್ತು ಜನರಿಂದ ಉತ್ತರವೇ ಇಲ್ಲ. ಮೇಲ್ ಓದಿದರೋ ಇಲ್ಲವೋ, ಯಾವ ಮುಚ್ಚಿದ ಕೋಣೆಯಲ್ಲಿ ಯಾರ ಹಾಳೆ ಬೂದಿಯಾಗುತ್ತಿದೆಯೋ, ತಿಳಿಯುವ ದಾರಿಯಿರಲಿಲ್ಲ. ಲಿಫ್ಟ್ ಕೆಟ್ಟರೆ ಕರೆಂಟು ತೆಗೆದು ನಿಲ್ಲಿಸಿ ರಿಪೇರಿ ಮಾಡಬಹುದು. ಇದನ್ನು ನಿಲ್ಲಿಸುವ ಸ್ವಿಚ್ ಎಲ್ಲೂ ಇರಲಿಲ್ಲ.

ಆಗ ಬಂದದ್ದು ಒಬ್ಬ ಟೀಚರಮ್ಮನ ಪತ್ರ. ಮೇಲ್ ಅಲ್ಲ, ಕೈಯಲ್ಲಿ ಬರೆದದ್ದು. ತಾವು ನಿವೃತ್ತ ಶಾಲಾ ಶಿಕ್ಷಕಿ, ಟೈಮರ್ ತಲುಪಿತು, ನಿಮ್ಮ ಎಚ್ಚರಿಕೆಯನ್ನು ಓದಿದ್ದು ಒಂದು ದಿನ ತಡವಾಗಿ, ಹಣ ವಾಪಸ್ ಬೇಡ, ಆದರೆ ಏನಾಯಿತೆಂಬುದು ನಿಮಗೆ ಗೊತ್ತಿರಲಿ ಎಂದಷ್ಟೇ ಇತ್ತು. ಏನಾಯಿತೆಂದು ಬರೆದಿರಲಿಲ್ಲ. ವಿಳಾಸ ಬಸ್ಸಿನಲ್ಲಿ ಆರು ಗಂಟೆಯ ದಾರಿ.

"ಹೋಗಬೇಡ ಅಕ್ಕ, ಹೋಗಿ ಏನು ಮಾಡ್ತೀಯ?" ಎಂದಳು ತಂಗಿ.

"ಗೊತ್ತಿಲ್ಲ. ಇಲ್ಲಿ ಕೂತು ಹಾಳೆ ಕತ್ತರಿಸೋಕಂತೂ ಆಗ್ತಿಲ್ಲ."

ಬಾಗಿಲು ತೆರೆದವರು ತೆಳ್ಳಗಿನ ಹೆಂಗಸು, ಎಪ್ಪತ್ತರ ಹತ್ತಿರ, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು. ಪುಟ್ಟಿ ತಾನ್ಯಾರೆಂದು ಹೇಳಿದಾಗ ಅವರು ಕನ್ನಡಕ ಏರಿಸಿಕೊಂಡು ನೋಡಿದರು.

"ಇಷ್ಟು ದೂರ ಬರೋ ಅಗತ್ಯ ಇರಲಿಲ್ಲಮ್ಮ" ಎಂದರು. "ಬಂದಿದ್ದೀರಲ್ಲ, ಒಳಗೆ ಬನ್ನಿ."

ಬಚ್ಚಲುಮನೆಯನ್ನೇ ಡಾರ್ಕ್‌ರೂಮ್ ಮಾಡಿಕೊಂಡಿದ್ದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಲಗೆ, ಹಲಗೆಯ ಮೇಲೆ ಎನ್‌ಲಾರ್ಜರ್, ಪಕ್ಕದಲ್ಲಿ ಪುಟ್ಟಿಯ ಟೈಮರ್. ಟೀಚರಮ್ಮ ಅದರ ಮೇಲೆ ಒಂದು ಟವೆಲ್ ಹೊದಿಸಿದ್ದರು.

"ನಮ್ಮೆಜಮಾನರಿಗೆ ಫೋಟೋ ಹುಚ್ಚು" ಎಂದರು. "ಮೂವತ್ತು ವರ್ಷ ನನ್ನದೇ ಫೋಟೋ ತೆಗೆದರು. ಪಾತ್ರೆ ತೊಳೀತಿದ್ರೆ, ಪೇಪರ್ ತಿದ್ದುತಿದ್ರೆ, ನಿದ್ದೆ ಮಾಡ್ತಿದ್ರೆ. ಒಂದನ್ನೂ ದೊಡ್ಡದು ಮಾಡಲಿಲ್ಲ. ಒಳ್ಳೆ ಕಾಗದ ಸಿಗಲಿ ಅಂತಿದ್ರು. ಕಂಪನಿ ಆ ಕಾಗದ ಮಾಡೋದು ನಿಲ್ಲಿಸಿದ ವರ್ಷ ಎಲ್ಲಿಂದಲೋ ಕಡೆಯ ಪೊಟ್ಟಣ ತಂದರು. ಇಪ್ಪತ್ತೈದು ಹಾಳೆ. ರಿಟೈರ್ ಆದ ಮೇಲೆ ಕೂತು ಮಾಡ್ತೀನಿ ಅಂದರು. ಆಗಲೇ ಇಲ್ಲ."

ಗಂಡ ಹೋದ ಮೇಲೆ ಎರಡು ವರ್ಷ ಬೇರೆ ಕಾಗದದಲ್ಲಿ ಅವರೇ ಈ ಕೆಲಸ ಕಲಿತಿದ್ದರು. ಕೈ ಪಳಗಿದೆ ಎನಿಸಿದ ದಿನ ಪೊಟ್ಟಣ ಒಡೆದರು. ಇಪ್ಪತ್ತೈದು ಹಾಳೆ ಐವತ್ತಾಗಲಿ ಎಂದು ಟೈಮರ್ ಎದುರಿನ ಹಲಗೆಯ ಮೇಲೆ ಅಷ್ಟನ್ನೂ ಹರಡಿಕೊಂಡು ಒಂದೊಂದಾಗಿ ಎರಡು ಮಾಡಿ ಕತ್ತರಿಸಿದರು. ಅರ್ಧ ಗಂಟೆ ಹಿಡಿಯಿತಂತೆ. ಅಂಕಿಗಳು ಉದ್ದಕ್ಕೂ ಉರಿಯುತ್ತಿದ್ದವು.

"ಮೊದಲನೇದು ಬೂದಿಯಾಯ್ತು. ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡೆ. ಎರಡನೇದೂ ಹಾಗೇ. ಹತ್ತು ಮಾಡಿದ ಮೇಲೆ ನಿಲ್ಲಿಸಿದೆ. ಮಾರನೇ ದಿನ ನಿಮ್ಮ ಮೇಲ್ ನೋಡಿದೆ. ಉಳಿದ ನಲವತ್ತಕ್ಕೂ ಅದೇ ಬೆಳಕು ಬಿದ್ದಿದೆ."

"ನೆಗೆಟಿವ್ ಇದೆಯಲ್ಲ ಮೇಡಂ..." ಎಂದು ಪುಟ್ಟಿ ತೊದಲಿದಳು. "ಬೇರೆ ಒಳ್ಳೆ ಕಾಗದ ನಾನು ತಂದುಕೊಡ್ತೀನಿ. ಎಷ್ಟು ಬೇಕಾದ್ರೂ."

"ನನ್ನ ಮಗನೂ ಅದೇ ಹೇಳ್ದ." ಟೀಚರಮ್ಮ ಸಣ್ಣಗೆ ನಕ್ಕರು. "ತಪ್ಪೇನಿಲ್ಲ. ಕಾಗದ ಕಾಗದವೇ. ಇದು ಅವರು ತಂದದ್ದು, ಅಷ್ಟೇ."

ಪುಟ್ಟಿಯ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿ ಟೀಚರಮ್ಮ ಕೈಯೆತ್ತಿದರು. ತರಗತಿಯಲ್ಲಿ ಗಲಾಟೆ ನಿಲ್ಲಿಸುವ ಕೈ ಅದು.

"ಅಳಬೇಡಿ. ನಿಮ್ಮನ್ನ ಸಮಾಧಾನ ಮಾಡೋ ಶಕ್ತಿ ನನಗಿಲ್ಲ."

ಅವಳು ಅತ್ತಳೋ ತಡೆದುಕೊಂಡಳೋ, ಅವಳಿಗೇ ಆಮೇಲೆ ನೆನಪಾಗಲಿಲ್ಲ. ಹೊರಡುವಾಗ ಏನಾದರೂ ಮಾಡಲೇಬೇಕೆನಿಸಿ, ಬೂದಿಯಾದ ಪ್ರಿಂಟುಗಳಲ್ಲಿ ಮೂರನ್ನು ಕೊಡಿ, ನಮ್ಮ ಮಾವನಿಗೆ ತೋರಿಸುತ್ತೇನೆ, ಅವರಿಗೆ ಇದೆಲ್ಲ ಗೊತ್ತು ಎಂದಳು. ಟೀಚರಮ್ಮ ಬಹಳ ಹೊತ್ತು ಆರಿಸಿ ಮೂರು ಕೊಟ್ಟರು.

ಮಾವ ಅವನ್ನು ಕಿಟಕಿಯ ಬಳಿ ಹಿಡಿದು ನೋಡಿದ. ಒಂದರಲ್ಲಿ ಎಳೆಯ ಹೆಂಗಸೊಬ್ಬಳು ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಾಳೆ, ಪೇಪರ್ ತಿದ್ದುವ ಪೆನ್ನು ಇನ್ನೂ ಬೆರಳ ಸಂದಿಯಲ್ಲಿದೆ. ಇಡೀ ಚಿತ್ರ ಕೊಳೆನೀರಿನಲ್ಲಿ ಅದ್ದಿ ತೆಗೆದಂತಿತ್ತು.

"ಕರಗಿಸೋ ಔಷಧಿ ಇದೆ" ಎಂದ ಮಾವ. "ಬೂದಿ ತಿನ್ನುತ್ತೆ. ಆದರೆ ಅದಕ್ಕೆ ಯಾವುದು ಬೂದಿ, ಯಾವುದು ಕೂದಲು ಅಂತ ಗೊತ್ತಾಗಲ್ಲ."

ಒಂದು ಭಾನುವಾರವೆಲ್ಲ ಹತ್ತಿ ಸುತ್ತಿದ ಕಡ್ಡಿ ಹಿಡಿದು ಕೂತ. ಪುಟ್ಟಿ ಪಕ್ಕದಲ್ಲಿ ನೀರು ಬದಲಾಯಿಸುತ್ತ ನಿಂತಳು. ಮೊದಲನೆಯ ಚಿತ್ರದಲ್ಲಿ ಕಲೆಯಾಯಿತು. ಎರಡನೆಯದರಲ್ಲಿ ಬೂದಿಯ ಜೊತೆಗೆ ಮುಖದ ಗೆರೆಗಳೂ ಹೋಗಿ ಹೆಂಗಸು ಗೊಂಬೆಯಂತಾದಳು. ಮಲಗಿದ್ದ ಚಿತ್ರ ಪರವಾಗಿಲ್ಲ ಎನ್ನುವಷ್ಟಾಯಿತು. ಮೇಜಿನ ಮೇಲಿನ ಪೇಪರುಗಳು ಬೆಳ್ಳಗಾದವು, ಕೆನ್ನೆಗೆ ಬೆಳಕು ಬಂತು. ಹಣೆಯ ಮೇಲಿನ ಕಿರುಗೂದಲು ಮಾತ್ರ ಅಳಿಸಿಹೋಯಿತು.

"ಇಷ್ಟೇ ಆಗೋದು ಪುಟ್ಟಿ" ಎಂದು ಮಾವ ಕಡ್ಡಿ ಕೆಳಗಿಟ್ಟ. "ಇನ್ನು ಮುಟ್ಟಿದ್ರೆ ಇದೂ ಹೋಗುತ್ತೆ."

ಮೂರನ್ನೂ ಒಣಗಿಸಿ, ಗಟ್ಟಿ ರಟ್ಟಿನ ನಡುವೆ ಇಟ್ಟು ಕಳಿಸಿದಳು. ಜೊತೆಗೆ ಚೀಟಿ ಬರೆಯಲು ಕೂತು ಮೂರು ಸಲ ಹರಿದಳು. ನಾಲ್ಕನೆಯದರಲ್ಲಿ ಬರೀ ಹೆಸರು ಹಾಕಿದಳು.

ಎರಡು ವಾರದ ಮೇಲೆ ಫೋನಿಗೆ ಸಂದೇಶ ಬಂತು. ಅವಳು ಅದನ್ನು ಹಿಡಿದುಕೊಂಡೇ ಮಾವನ ಮನೆಗೆ ಹೋದಳು.

"ಟೀಚರಮ್ಮ ಬರೆದಿದ್ದಾರೆ."

"ಏನಂತೆ?"

"'ತಲುಪಿತು. ನಿಮ್ಮ ಮಾವನವರಿಗೆ ತಿಳಿಸಿ.'"

"ಆಮೇಲೆ?"

"ಅಷ್ಟೇ."

ಮಾವ ಇನ್ನೊಂದು ಸಾಲು ಇದ್ದೀತೇನೋ ಎಂಬಂತೆ ಫೋನ್ ತೆಗೆದುಕೊಂಡು ತಾನೇ ಓದಿದ. ವಾಪಸ್ ಕೊಟ್ಟ. ಇಬ್ಬರೂ ಉಗ್ರಾಣದ ಹೊಸಿಲ ಮೇಲೆ ಕೂತರು. ಆ ಎಪ್ಪತ್ತು ಜನರಲ್ಲಿ ಯಾರಾದರೂ ಉತ್ತರಿಸಿದರಾ ಎಂದು ಅವನು ಕೇಳಿದ. ಹೋದ ವಾರ ಇಬ್ಬರು ಎಂದಳು ಪುಟ್ಟಿ. ಉಳಿದವರಿಗೆ ಇವತ್ತು ಮತ್ತೆ ಕಳಿಸಿದೆ ಎಂದಳು. ಒಳ್ಳೇದು ಎಂದ ಮಾವ.