ದುರುಗಮ್ಮನಿಗೆ ಬಿಟ್ಟ ಹ್ಯಾಟಿಗಳು

ಬಂಡೆಮ್ಮನಿಗೆ ತನ್ನ ಕೋಳಿಗಳ ಮೇಲೆ ಸಿಟ್ಟು ಬಂದದ್ದು ಅವು ಬೆಳೆದು ದೊಡ್ಡವಾದವು ಎಂಬ ಕಾರಣಕ್ಕೆ. ಕೇಳಿದವರು ನಗಬಹುದು. ಕೋಳಿ ಸಾಕಿದವರೆಲ್ಲ ಯಾವಾಗ ತತ್ತಿ ಇಟ್ಟಾವೋ ಎಂದು ಕಾಯುತ್ತಾರೆ. ಅರಕೇರಾದ ಈ ಹೆಂಗಸು ಮಾತ್ರ ಇಡದಿರಲಿ ತಾಯಿ, ಇನ್ನಷ್ಟು ದಿನ ಇಡದಿರಲಿ ಎಂದು ಬೆಳಗಾದರೆ ದುರುಗಮ್ಮನಿಗೆ ಕೈ ಮುಗಿಯುತ್ತಿದ್ದಳು.

ಹಿರೇಕೊಟ್ನೆಕಲ್ಲಿಗೆ ಕೊಟ್ಟ ಮಗಳು ಲಲಿತಾಳಿಗೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಮೂರನೆಯ ಸಲ ನಿಂತಾಗ ಬಂಡೆಮ್ಮ ಮಗಳನ್ನು ತವರಿಗೆ ಕರೆತಂದು, ಗುಡಿಯ ಮುಂದೆ ನಿಲ್ಲಿಸಿ ಹರಕೆ ಹೊತ್ತಳು. ಕೂಸು ಉಳಿದು ಕೈಗೆ ಬಂದರೆ, ಇನ್ನೂ ತತ್ತಿ ಕಾಣದ ಎರಡು ಹ್ಯಾಟಿ ಕೋಳಿ ನಿನಗೆ ಎಂದಳು. ತತ್ತಿ ಇಟ್ಟ ಕೋಳಿಯನ್ನು ದೇವಿಗೆ ಕೊಡುವುದು ಅವರ ಮನೆತನದಲ್ಲಿ ಇಲ್ಲ. ಇಟ್ಟಿತೆಂದರೆ ಅದೂ ತಾಯಿ. ಆಮೇಲೆ ಅದು ಹರಕೆಗೆ ಸಲ್ಲುವುದಿಲ್ಲ.

ದೇವದುರ್ಗದ ಸಂತೆಯಿಂದ ಎರಡು ಮರಿ ತಂದು, ಲಲಿತಾಳ ಕೈಯಿಂದಲೇ ಅವುಗಳ ಕಾಲಿಗೆ ಅರಿಶಿನದ ದಾರ ಕಟ್ಟಿಸಿದಳು. ದಾರ ಬಿದ್ದ ಮೇಲೆ ಅವು ಮನೆಯವಲ್ಲ, ದುರುಗಮ್ಮನವು. ಬದಲಿಸುವಂತಿಲ್ಲ. ಹೆರಿಗೆ ಆಗುವ ತನಕ ಇವು ಇಡುವುದಿಲ್ಲ ಎಂದು ಮಾರಿದವನು ಆಣೆ ಮಾಡಿ ಹೇಳಿದ್ದ. ಸಂತೆಯಲ್ಲಿ ಕೋಳಿ ಮಾರುವವನ ಆಣೆಯನ್ನು ನಂಬಿದ್ದು ಬಂಡೆಮ್ಮನ ದಡ್ಡತನ. ಬೇರೆ ವಿಷಯದಲ್ಲಾಗಿದ್ದರೆ ಅವಳು ಕಟ್ಟಿಕೊಂಡ ಗಂಡನ ಮಾತನ್ನೇ ನಂಬುವವಳಲ್ಲ. ಆ ಗಂಡ ದುರುಗಪ್ಪ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊಳೆದಂಡೆಯ ಕಡೆ ಹೋಗಿದ್ದ. ಮನೆಯಲ್ಲಿ ತಾಯಿ ಮಗಳು ಇಬ್ಬರೇ.

ಲಲಿತಾಳಿಗೆ ಎಂಟು ತಿಂಗಳು ತುಂಬುವ ಮೊದಲೇ ಹ್ಯಾಟಿಗಳ ಜುಟ್ಟು ಕೆಂಪಗಾದವು. ಪಕ್ಕದ ಮನೆಯ ಅಯ್ಯಮ್ಮ ಗೋಡೆಯ ಮೇಲಿಂದ ಇಣುಕಿ ನಕ್ಕಳು.

"ಯಕ್ಕಾ, ನಿನ್ನ ಹ್ಯಾಟಿಗಳ ಮಾರಿ ನೋಡು, ಮದಲಗಿತ್ತಿಗತೆ ಕೆಂಪಗ ಆಗ್ಯಾವ. ಮೂಲಿ ಮೂಲಿ ಹುಡುಕಾಕತ್ತಾವ. ಇವತ್ತೋ ನಾಳಿಗೋ ಇಡ್ತಾವ."

"ನಿನ್ನ ಬಾಯಾಗ ಮಣ್ಣು ಹಾಕ. ಸುಮ್ಕ ಒಳಗ ಹೋಗು" ಎಂದಳು ಬಂಡೆಮ್ಮ. ನಗಲಿಲ್ಲ.

ಮಾರನೆಯ ದಿನದಿಂದ ಕೋಳಿಗಳಿಗೆ ಜೋಳ ಕಡಿಮೆಯಾಯಿತು. ಹಗಲು ಹೊತ್ತಿನಲ್ಲೂ ಬುಟ್ಟಿ ಮುಚ್ಚಿ ಕತ್ತಲಲ್ಲಿ ಕೂಡಿಸಿದಳು. ಹಸಿದ ಜೀವಗಳು ಒಳಗೆ ಬರಿ ನೆಲ ಕುಕ್ಕುವ ಸದ್ದು ಕಿವಿಗೆ ಬಿದ್ದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಆದರೆ ಮಗಳ ಹೊಟ್ಟೆಯ ಮುಂದೆ ಕೋಳಿಯ ಹೊಟ್ಟೆ ಯಾವ ಲೆಕ್ಕ?

ಕೋಳಿಗಳು ಅವಳ ಮಾತು ಕೇಳಲಿಲ್ಲ. ಒಂದು ಮುಂಜಾನೆ ಬುಟ್ಟಿ ಎತ್ತಿದರೆ ನಿಂಬೆಹಣ್ಣಿಗಿಂತ ತುಸು ದೊಡ್ಡದೊಂದು ತತ್ತಿ, ಮೇಲೆ ಒಣಗಿದ ರಕ್ತದ ಗೆರೆ. ಮೊದಲ ತತ್ತಿಗೆ ರಕ್ತ ಹತ್ತುವುದುಂಟು. ಹುಟ್ಟಿದಾಗಿನಿಂದ ಕೋಳಿಗಳ ನಡುವೆ ಬೆಳೆದ ಬಂಡೆಮ್ಮನಿಗೆ ಅದು ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಆ ಗೆರೆಯನ್ನು ಎರಡು ಸಲ ಉಗುರಿನಿಂದ ಕೆರೆದು ನೋಡಿದಳು. ತತ್ತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ತಿಪ್ಪೆಯಲ್ಲಿ ಹುಗಿದಳು.

ಮಗಳಿಗೆ ಹೇಳುವುದೋ ಬಿಡುವುದೋ ಎಂದು ಅವಳು ಹೆಚ್ಚು ಹೊತ್ತು ಯೋಚಿಸಲಿಲ್ಲ. ಹರಕೆ ಕೆಟ್ಟಿತು ಎಂದು ತಿಳಿದರೆ ಹುಡುಗಿ ಅಂಜಿಯೇ ಅರ್ಧ ಸಾಯುತ್ತಾಳೆ. ಕೂಸು ಹುಟ್ಟಲಿ, ಆಮೇಲೆ ದುರುಗಮ್ಮನ ಕಾಲಿಗೆ ಬಿದ್ದು ತಪ್ಪುಕಾಣಿಕೆ ಕಟ್ಟಿದರಾಯಿತು. ಅಲ್ಲಿಯವರೆಗೆ ಈ ಭಾರ ತನ್ನೊಬ್ಬಳದೇ ಇರಲಿ.

ಅಂದು ಬಿಸಿಲೇರಿದಾಗ ಇನ್ನೊಂದು ಹ್ಯಾಟಿ ಊರಿಗೆಲ್ಲ ಕೇಳುವಂತೆ ಕೂಗಿತು. ಹೊರಸಿನ ಮೇಲೆ ಮಲಗಿದ್ದ ಲಲಿತಾ ಎದ್ದು ಕುಳಿತಳು.

"ಯವ್ವಾ, ತತ್ತಿ ಇಟ್ಟದೇನು?"

"ಇಲ್ಲಬೇ. ಬೆಕ್ಕು ಕಂಡಿರಬೇಕು, ಅಂಜ್ಯಾವ."

ಮಗಳು ಅವಳ ಮುಖವನ್ನೇ ನೋಡಿದಳು. "ಖರೇನ ಇಟ್ಟಿಲ್ಲ? ಒಂದೂ?"

"ನನ್ನಾಣಿ, ಇಟ್ಟಿಲ್ಲ."

ಲಲಿತಾ ಗೋಡೆಯ ಕಡೆ ಹೊರಳಿ ಮಲಗಿದಳು. ನಂಬಿದಳು, ನಾ ಬದುಕಿದೆ ಎಂದುಕೊಂಡಳು ಬಂಡೆಮ್ಮ.

ಆಶಾ ಕೆಲಸದ ಮೌನೇಶ್ವರಿ ಬಂದು ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತ ಕಡಿಮಿ ಅದರೀ, ದಿನಾ ಒಂದು ತತ್ತಿ ತಿನಸ್ರಿ" ಎಂದು ಹೇಳಿಹೋದಳು. ಬಂಡೆಮ್ಮ ಸತ್ತಾರ್ ಸಾಬನ ಅಂಗಡಿಯಿಂದ ತತ್ತಿ ತಂದು ಕುದಿಸಿ ಕೊಟ್ಟಳು. ಬೆಳಗ್ಗೆ ಹಿತ್ತಲಲ್ಲಿ ತತ್ತಿ ಹುಗಿಯುವುದು, ಆಮೇಲೆ ಅಂಗಡಿಗೆ ಹೋಗಿ ತತ್ತಿ ಕೊಳ್ಳುವುದು, ಇದು ಅವಳ ಸಂಸಾರ. ಇಷ್ಟು ಮಾಡಿದರೂ ತತ್ತಿಯೆಂದರೆ ಬಿದ್ದು ಸಾಯುತ್ತಿದ್ದ ಮಗಳು ತಾಟು ದೂಡಿದಳು. ವಾಸನೆಗೇ ಬೆವರಿ, ಹೊರಗೆ ಓಡಿ ಕಾರಿಕೊಂಡಳು. ಬಸುರಿಯ ನಾಲಿಗೆ ಎಂದು ತಾಯಿ ತಾಟು ಎತ್ತಿಟ್ಟಳು.

ಹುಡುಗಿ ಮಾತು ಕಡಿಮೆ ಮಾಡಿದಳು. ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳತೊಡಗಿದಳು.

"ಬಗ್ಗಬ್ಯಾಡಬೇ, ನಾ ಇಲ್ಲೇನು ಸತ್ತೀನಿ?" ಎಂದು ಬೈದರೆ, "ಕುಂತು ಕುಂತು ಬ್ಯಾಸರ ಆಗ್ಯದ ಯವ್ವಾ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಒಗೆಯುವ ಕಲ್ಲಿನ ಹತ್ತಿರ ಬಿದ್ದಳು. ಸೀರೆಯೆಲ್ಲ ರಕ್ತ. ಅಯ್ಯಮ್ಮ ಚಪ್ಪಲಿ ಸಹ ಮೆಟ್ಟದೆ ಓಡಿ ಆಟೋ ಕರೆತಂದಳು. ದೇವದುರ್ಗಕ್ಕೆ ಹೋದರೆ ಅಲ್ಲಿಂದ ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಬಂಡೆಮ್ಮ ಮಗಳ ತಣ್ಣಗಿನ ಪಾದಗಳನ್ನು ಉಜ್ಜುತ್ತ ದುರುಗಮ್ಮನನ್ನು ಕರೆದಳು, ಬೈದಳು, ಮತ್ತೆ ಕರೆದಳು.

ಲಲಿತಾ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣು ಕೂಸು, ತಲೆತುಂಬ ಕೂದಲಿತ್ತು. ಅಳಿಯ ನಿಂಗರಾಜ ಅದನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡು ಹೋಗುವಾಗ ಅತ್ತೆಯ ಮುಖ ನೋಡಲಿಲ್ಲ.

"ರಕ್ತ ಹೋಗಾಕತ್ತಿ ಎರಡು ಮೂರು ದಿನ ಆಗ್ಯದ. ಅವಾಗೇ ಬಂದಿದ್ರ ಕೂಸು ಉಳೀತಿತ್ತು. ಯಾಕ ಸುಮ್ಮನಿದ್ರಿ?" ಎಂದು ಡಾಕ್ಟರಮ್ಮ ಕೇಳಿದಳು. ಬಂಡೆಮ್ಮನಿಗೆ ಆ ಮಾತು ಅರ್ಥವಾಗಲಿಲ್ಲ. ಹುಡುಗಿ ತನಗೆ ಒಂದು ಮಾತೂ ಹೇಳಿರಲಿಲ್ಲ.

ಮರುದಿನ ವಾರ್ಡಿನಲ್ಲಿ ಲಲಿತಾ ತಾನಾಗಿಯೇ ಬಾಯಿ ಬಿಟ್ಟಳು.

"ಯವ್ವಾ, ಬೈಬ್ಯಾಡ. ನೀ ಬುಟ್ಟಿ ಮುಚ್ಚೂಕಿಂತ ಮದ್ಲ ಒಂದು ಹ್ಯಾಟಿ ಇಟ್ಟಿತ್ತು. ಜ್ವಾಳದ ಕಣಿಕಿ ಮ್ಯಾಲ ಬಿದ್ದಿತ್ತು. ನೀ ನೀರಿಗೆ ಹೋಗಿದ್ದಿ. ಬಂದು ನೋಡಿದ್ರ ಎದಿ ಒಡಕೊಂತಿ ಅಂತ ಅಂಜಿದೆ. ಎಲ್ಲಿ ಮುಚ್ಚಿಡ್ಲಿ ತಿಳೀಲಿಲ್ಲ. ಒಡದು ಬಾಯಿಗೆ ಹಾಕ್ಕೊಂಡೆ." ಉಸಿರು ಎಳೆದುಕೊಂಡಳು. "ದೇವರದ್ದು ತಿಂದುಬಿಟ್ಟೆ. ಆಮ್ಯಾಲ ರಕ್ತ ಕಾಣಿಸ್ತು. ದುರುಗಮ್ಮ ತನ್ನದು ಕೇಳಾಕತ್ತಾಳ ಅನ್ಕೊಂಡೆ. ನಿನಗ ಹೆಂಗ ಹೇಳ್ಲಿ? ಒಂದೂ ಇಟ್ಟಿಲ್ಲ ಅಂತ ನೀ ಆಣಿ ಮಾಡಿದ್ದಿ."

ಬಂಡೆಮ್ಮನ ಕೈ ಮಗಳ ಹಣೆಯ ಮೇಲೆ ನಿಂತಿತು. ತಾನು ಸುಮ್ಮನಿದ್ದುಬಿಟ್ಟರೆ ತತ್ತಿ ಹುಗಿದದ್ದು ಯಾರಿಗೂ ತಿಳಿಯುವುದಿಲ್ಲ. ಆದರೆ ಸುಮ್ಮನಿದ್ದರೆ ಈ ಹುಡುಗಿ ಸಾಯುವತನಕ ಕೂಸಿನ ಸಾವನ್ನು ತಲೆಯ ಮೇಲೆ ಹೊರುತ್ತಾಳೆ. ಅವಳಿಗೆ ತನ್ನ ಮೇಲೆ ಹೇಸಿಕೆಯಾಯಿತು.

"ನಿಂದು ತಪ್ಪಿಲ್ಲಬೇ. ಅವು ಇಡ್ತಿದ್ದವು. ನಾನ ತಿಪ್ಯಾಗ ಹುಗೀತಿದ್ದೆ. ನೀ ಅಂಜತಿ ಅಂತ ಹೇಳ್ಲಿಲ್ಲ."

ಲಲಿತಾ ತಾಯಿಯ ಕಡೆ ಮುಖ ಹೊರಳಿಸಿದಳು.

"ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ನಾ ಕೇಳಿದೆನಲ್ಲ ಯವ್ವಾ. ಎರಡು ಸಲ ಕೇಳಿದೆ. ಹೌದು, ಇಟ್ಟದ ಅಂದಿದ್ರ ನಾನೂ ನಂದು ಹೇಳ್ತಿದ್ದೆ. ರಕ್ತದ್ದೂ ಹೇಳ್ತಿದ್ದೆ."

ಲಲಿತಾ ತಾಯಿಯ ಕೈಯನ್ನು ಹಣೆಯಿಂದ ತೆಗೆದು ಹಾಸಿಗೆಯ ಅಂಚಿಗೆ ಇಟ್ಟಳು.

ಆಸ್ಪತ್ರೆಯಿಂದ ಬಿಟ್ಟ ದಿನ ಬಂಡೆಮ್ಮ ಗಂಟು ಕಟ್ಟಿದಳು. ಮೈ ಕೂಡಿಸಿಕೊಳ್ಳಲು ಮಗಳು ತವರಿಗೇ ಬರಬೇಕಾದದ್ದು. ಆದರೆ ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಲಲಿತಾ ಗಂಡನ ಊರಿನ ದಾರಿಯ ಮಾನ್ವಿ ಬಸ್ಸಿನ ಕಡೆ ನಡೆದಳು. ಹತ್ತಿ ಕುಳಿತ ಮೇಲೆ ಕಿಟಕಿಯ ಕೆಳಗೆ ನಿಂತ ತಾಯಿಗೆ ಕೇಳುವಂತೆಯೇ ಗಂಡನಿಗೆ ಹೇಳಿದಳು, "ಅಕಿಗೆ ದೇವದುರ್ಗದ ಬಸ್ ಎಲ್ಲಿ ನಿಲ್ತದ ತೋರಸ್ರಿ."

ನಿಂಗರಾಜ ಮುಜುಗರಪಟ್ಟು ಇಳಿದು ಬಂದ. "ಅತ್ತೀ, ನಾಕ್ ದಿನ ಬಿಟ್ಟು ಕರಕೊಂಡು ಬರ್ತೀನ್ರಿ" ಎಂದ. ಬಂಡೆಮ್ಮ ತಲೆಯಾಡಿಸಿದಳು. ಬಸ್ಸು ಕದಲಿತು. ಯವ್ವಾ ಎಂದಿದ್ದರೆ ಸಾಕಿತ್ತು. ಬೈದಿದ್ದರೂ ಸಾಕಿತ್ತು. ಮಗಳು ಮುಂದಿನ ಸೀಟಿನ ಕಂಬಿ ಹಿಡಿದು ಮುಂದೆಯೇ ನೋಡುತ್ತಿದ್ದಳು, ತಾಯಿ ಅಲ್ಲಿ ನಿಂತಿದ್ದಾಳೆ ಎಂದು ಗೊತ್ತಿದ್ದೂ.